ಡಿಂಗ್ಲಿ ಸಾಹೇಬರ ಹಿತ್ತಾಳೆ ಕೋಲು

ಆಯುಧಪೂಜೆಯ ಬೆಳಿಗ್ಗೆ ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಗ್ಯಾರೇಜಿಗೆ ಬಂದ ವಾಸುದೇವ್, ಆ ಬ್ರಷ್ಷನ್ನು ನುಂಗುವುದರಲ್ಲಿದ್ದ. ಕಾರು, ಹುಲ್ಲು ಕತ್ತರಿಸುವ ಮಶೀನು, ಕುಕ್ಕರು, ಲ್ಯಾಪ್‌ಟಾಪು ಎಲ್ಲ ಸಾಲಾಗಿದ್ದವು. ಕೊನೆಯಲ್ಲಿ, ಅರಿಶಿನ ಕುಂಕುಮ ಹಚ್ಚಿಸಿಕೊಂಡು, ಹೂ ಮುಡಿದು, ಡಿಂಗ್ಲಿ ಸಾಹೇಬರ ಗಾಲ್ಫ್ ಕೋಲು ಮದುವಣಗಿತ್ತಿಯಂತೆ ನಿಂತಿತ್ತು. ರಾತ್ರಿ ಇದ್ದಿಲಿನಂತಿದ್ದ ಅದರ ಹಿತ್ತಾಳೆ ಮೂತಿ ಈಗ ಫಳಫಳ ಹೊಳೆಯುತ್ತಿತ್ತು.

“ಅತ್ತೆ! ಏನ್ ಮಾಡಿದ್ರಿ ಇದನ್ನ?”

“ಹುಣಸೆಹಣ್ಣು ಹಾಕಿ ತಿಕ್ಕಿದೆ,” ಎಂದರು ಮೈಸೂರಿನಿಂದ ಮಗಳ ಮನೆಗೆ ಬಂದಿದ್ದ ಸುಶೀಲಮ್ಮ, ಹೆಮ್ಮೆಯಿಂದ. “ಏನ್ ಕಿಲುಬು ಅಂತೀರಿ! ನಿನ್ನೆ ನಿಮ್ಮ ಬಾಸು ತಂದುಕೊಟ್ಟಾಗ ಅವರೇ—”

“ಮುಗೀತು! ನನ್ನ ಪ್ರಮೋಷನ್ ಮುಗೀತು!”

ಆಲ್ಬರ್ಟ್ ಡಿಂಗ್ಲಿ ಎಂದರೆ ಐವತ್ತರ ದಶಕದ ಇಂಗ್ಲಿಷ್ ಗಾಲ್ಫ್ ಆಟಗಾರ. ಆಟವೇ ಅವನ ಹೊಟ್ಟೆಪಾಡು. ಒಮ್ಮೆ ಯಾವುದೋ ಪಂದ್ಯದ ಮುಂಚೆ ಹುಡುಗನೊಬ್ಬ ಕೋಲನ್ನು ಒರೆಸಿಬಿಟ್ಟ, ಡಿಂಗ್ಲಿ ಸೋತ. ಅಲ್ಲಿಂದ ಮುಂದೆ ಕೋಲಿಗೆ ಬಟ್ಟೆ ಸೋಕಿಸಲಿಲ್ಲ. ಮುಪ್ಪಿನಲ್ಲಿ ವಾಸುದೇವ್ ಈಗಿರುವ ಇದೇ ಊರಿಗೆ, ಪಾಮರ್ಸ್ಟನ್ ನಾರ್ತ್‌ಗೆ, ಬಂದು ಇಲ್ಲಿನ ಕ್ಲಬ್ಬಿನಲ್ಲಿ ಆಟ ಕಲಿಸುತ್ತ ಕಣ್ಮುಚ್ಚಿದ. ಅವನ ಕಡೆಯ ಶಿಷ್ಯನೇ ವಾಸುದೇವನ ಬಾಸ್ ಗ್ರಹಾಂ. ಟೀಮ್ ಲೀಡ್ ಕುರ್ಚಿಯ ಮೇಲೆ ಕಣ್ಣಿಟ್ಟ ವಾಸುದೇವ್ ಡಿಂಗ್ಲಿಯ ಚರಿತ್ರೆಯನ್ನೆಲ್ಲ ಉರುಹೊಡೆದು, ಊಟದ ಹೊತ್ತಿನಲ್ಲಿ ಗ್ರಹಾಂ ಮುಂದೆ ಮಂತ್ರದಂತೆ ಒಪ್ಪಿಸುತ್ತಿದ್ದ. ಫಲ ಸಿಕ್ಕಿತ್ತು: ಇವತ್ತು ಮಧ್ಯಾಹ್ನ ಡಿಂಗ್ಲಿಯ ನೂರನೇ ಹುಟ್ಟುಹಬ್ಬ, ಅವನ ಕೋಲಿನಿಂದ ಮೊದಲ ಹೊಡೆತ ವಾಸುದೇವನದು. ‘ಕೋಲನ್ನ ನಿಮ್ಮ ಮನೆಗೆ ತಲುಪಿಸ್ತೀನಿ, ಬರುವಾಗ ತಾ’ ಎಂದಿದ್ದ ಗ್ರಹಾಂ. ಅಭ್ಯಾಸ ಮಾಡಲೆಂದೇ ಕೊಟ್ಟಿದ್ದಾನೆಂದು ವಾಸುದೇವ್ ರಾತ್ರಿಯೆಲ್ಲ ಹಜಾರದಲ್ಲಿ ನಿಂಬೆಹಣ್ಣು ಹೊಡೆದಿದ್ದ.

“ಅಳಿಯಂದ್ರೇ, ಒಂದ್ ಮಾತು ಕೇಳಿ, ಅವರು ದೀಪ ನೋಡಿ—”

“ದೀಪ! ಸರಿಯಾಗಿ ಹೇಳಿದ್ರಿ!” ವಾಸುದೇವ್ ಕೋಲಿನ ಮೂತಿಯನ್ನು ದೀಪದ ಮೇಲೆ ಹಿಡಿದ. ಮಸಿ ಹತ್ತಿತು. ಬೆರಳು ತಾಗಿಸಿದರೆ ಉದುರಿತು.

ಅರಚಾಟ ಕೇಳಿ ಪಕ್ಕದ ಮನೆಯ ಹಂಸಾ ಆಂಟಿ ಬೇಲಿಯ ಮೇಲೆ ಕತ್ತು ಚಾಚಿದರು. “ಮಸಿಗೆ ಹರಳೆಣ್ಣೆ ಸೇರಿಸಪ್ಪ. ಕಾಡಿಗೆ ಥರ ಕೂತ್ಕೊಳ್ಳತ್ತೆ.”

ಕೂತುಕೊಂಡಿತು, ವಾಸುದೇವನ ಮೂಗು, ಕೆನ್ನೆ, ಹೊಸ ಟೀ ಶರಟಿನ ಮೇಲೆ. ಕೋಲು ಮಾತ್ರ ಎಣ್ಣೆಸ್ನಾನ ಮಾಡಿದ ಕೂಸಿನಂತೆ ಇನ್ನಷ್ಟು ಮಿಂಚಿತು.

ಅಷ್ಟರಲ್ಲಿ ಕ್ಲಬ್ಬಿಗೆ ಕರೆದೊಯ್ಯಲು ಯೂಟ್ ಎಂಬ ಪಿಕಪ್ ಗಾಡಿ ತಂದಿದ್ದ ಸಹೋದ್ಯೋಗಿ, ಧಾರವಾಡದ ಹರಿಪ್ರಸಾದ ಒಳಬಂದ. “ಹಿತ್ತಾಳಿ ಕಪ್ಪ ಮಾಡೂದು ಅದೇನ್ ದೊಡ್ಡ ಮಾತ್ರೀ? ಇಂಗಿನಾಗ ಗಂಧಕ ಇರ್ತೈತಿ. ಬಿಸಿ ಮಾಡಿ ಬಡೀರಿ!”

ಡಬ್ಬಿ ಇಂಗೆಲ್ಲ ಒಗ್ಗರಣೆಗೆ ಬಿತ್ತು. ಹೊಗೆಯ ಅಲಾರಂ ಕಿರುಚಿತು. ಹಂಸಾ ಆಂಟಿ ಕಿಟಕಿ ಮುಚ್ಚಿಕೊಂಡರು. ಆದರೆ ಕಡೆಗೂ, ಗಂಧಕವೋ, ಸೀದ ಒಗ್ಗರಣೆಯೋ, ಕೋಲಿನ ಮೂತಿಗೆ ಕಪ್ಪು ಗಟ್ಟಿಯಾಗಿ ಮೆತ್ತಿಕೊಂಡಿತು.

“ಈಗಾದ್ರೂ ಕೇಳ್ತೀರಾ? ನಿಮ್ಮ ಬಾಸು—”

“ಅತ್ತೆ, ಕೈಮುಗಿದೆ, ಯೂಟ್ ಹತ್ತಿ!”

ಸುಶೀಲಮ್ಮ ಕಡಲೆ ಉಸಲಿಯ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಬಾಯಿ ಬಿಗಿದು ಕೂತರು. ಹರಿಪ್ರಸಾದ ದಾರಿಯುದ್ದಕ್ಕೂ ತಲೆ ಹೊರಗೆ ಹಾಕಿ ಓಡಿಸಿದ.

ಕ್ಲಬ್ಬಿನಲ್ಲಿ ಜನ ಸೇರಿದ್ದರು. ಗ್ರಹಾಂ ಎರಡೂ ಕೈ ಚಾಚಿ ಕೋಲು ಇಸಿದುಕೊಂಡ. ಮೂಸಿದ. ಕಣ್ಣಲ್ಲಿ ನೀರು ಬಂತು.

“ಎಲ್ಲಿ ಹೊಳಪು?”

“ಸಾರ್, ಡಿಂಗ್ಲಿ ಸಾಹೇಬರು ಜನ್ಮದಲ್ಲಿ ಇದನ್ನ ಒರೆಸಲಿಲ್ಲ!”

“ಒರೆಸಲಿಲ್ಲ, ಸರಿ. ಆಮೇಲೆ ಒಂದಾದರೂ ಗೆದ್ದನಾ?”

ವಾಸುದೇವ್ ಬೆರಳು ಮಡಚಿ ಎಣಿಸತೊಡಗಿದ. ಉರುಹೊಡೆದ ಚರಿತ್ರೆಯೆಲ್ಲ ಕಣ್ಮುಂದೆ ಓಡಿತು: ಎರಡನೇ ಸ್ಥಾನ, ಎರಡನೇ ಸ್ಥಾನ, ಮತ್ತೆ ಎರಡನೇ ಸ್ಥಾನ.

“ನಿನ್ನೆ ನಿಮ್ಮನೆ ಹಿತ್ತಾಳೆ ದೀಪ ಬಂಗಾರದ ಹಾಗೆ ಹೊಳೀತಿತ್ತು. ನೂರನೇ ಹುಟ್ಟುಹಬ್ಬಕ್ಕಾದರೂ ಮುದುಕನ ಪೀಡೆ ತೊಳೆದುಕೊಡಿ ಅಂತ ನಿಮ್ಮ ಅತ್ತೆಯವರನ್ನ ನಾನೇ ಅರ್ಧ ಮಾತು, ಅರ್ಧ ಕೈಸನ್ನೆಯಲ್ಲಿ ಕೇಳಿಕೊಂಡಿದ್ದೆ.”

“ಅದನ್ನೇ ಬೆಳಗಿನಿಂದ ಬಡ್ಕೋತಿದೀನಿ! ಒಂದು ಮಾತು ಪೂರ್ತಿ ಕೇಳಿದ್ರೆ ತಾನೆ?” ಎಂದರು ಸುಶೀಲಮ್ಮ.

ಹರಿಪ್ರಸಾದ, ಯಾರೂ ಕೇಳದಿದ್ದರೂ, ಅದನ್ನು ಚೊಕ್ಕ ಇಂಗ್ಲಿಷಿಗೆ ತಿರುಗಿಸಿ ಗ್ರಹಾಂಗೆ ಹೇಳಿದ.

ವಾಸುದೇವ್ ಮೊದಲ ಹೊಡೆತ ಹೊಡೆದ. ಚೆಂಡು ಉರುಳಿ, ಕುಳಿಯ ಅಂಚಿಗೆ ಹೋಗಿ, ಒಳಗೊಮ್ಮೆ ಇಣುಕಿ, ಬೇಡವೆಂದು ಅಲ್ಲೇ ನಿಂತಿತು.

“ಅಪ್ಪಟ ಡಿಂಗ್ಲಿ,” ಎಂದು ನಿಟ್ಟುಸಿರಿಟ್ಟ ಗ್ರಹಾಂ, ಉಸಲಿ ಮೆಲ್ಲುತ್ತಲೇ ಸೋಮವಾರ ಆಫೀಸಿನಲ್ಲಿ ಹೇಳಬೇಕಿದ್ದ ಪ್ರಮೋಷನ್ ಸುದ್ದಿಯನ್ನು ಅಲ್ಲೇ ಹೇಳಿಬಿಟ್ಟ. “ಲೀಡ್ ಆಗುವವನಿಗೆ ಇನ್ನೊಬ್ಬರ ಮಾತು ಕೇಳಿಸಿಕೊಳ್ಳೋದು ಗೊತ್ತಿರಬೇಕು. ಹರಿಪ್ರಸಾದ್ ಲೀಡ್. ವಾಸುದೇವ್, ನೀನು ಅವನ ಕೈಕೆಳಗೆ, ಎರಡನೆಯವನು.”

ವಾಪಸು ಬರುವಾಗ ಯೂಟಿನ ಹಿಂದಿನ ಸೀಟಿನಿಂದ ಸುಶೀಲಮ್ಮನ ಸಮಾಧಾನದ ದನಿ ಬಂತು:

“ಹುಣಸೆಹಣ್ಣು ಇನ್ನೂ ಮಿಕ್ಕಿದೆ, ಅಳಿಯಂದ್ರೇ. ನಿಮ್ಮ ಲ್ಯಾಪ್‌ಟಾಪೂ ಒಂದ್ಸಲ ತಿಕ್ಕಿಬಿಡ್ಲಾ?”