ಎರಡು ಡಿಸ್ಕು, ಒಬ್ಬಳು ರಂಜಿತಾ

ಹೊಸದುರ್ಗದಲ್ಲಿ ವಿಡಿಯೋ ಅಂಗಡಿ ಇಟ್ಟಿದ್ದ ಜುಂಜೇಶನಿಗೆ ಆ ದಿನ ಗ್ರಹಚಾರ ವಕ್ಕರಿಸಿದ್ದು ಪಕ್ಕದ ಮೊಬೈಲ್ ರಿಪೇರಿಯ ಎರ್ರಿಸ್ವಾಮಿಯ ಬಾಯಿಂದ.

"ಲೇ ಜುಂಜಾ, ಕಾಟಲಿಂಗಪ್ಪನ ಮನೆ ಮದುವೆ ವಿಡಿಯೋನ ಎರಡು ಡಿಸ್ಕಿಗೆ ಅರ್ಧರ್ಧ ಹಂಚಿ ಇಟ್ಟೀಯಾ? ಒಂದು ಕೆಟ್ರೆ ಎಲ್ಲಾ ಹೋಯ್ತು. ಎರಡರಾಗೂ ಪೂರ್ತಿ ಇರಂಗೆ ಮಾಡು."

ಜುಂಜೇಶ್ ಕುಂತಲ್ಲಿಂದ ಎದ್ದ. ಅದು ಅವನೇ ವಿಡಿಯೋ ತೆಗೆದಿದ್ದ, ಮಾಡದಕೆರೆಯ ಕಾಟಲಿಂಗಪ್ಪನ ಹಿರಿಮಗಳ ಮದುವೆ. ಕಿರಿಮಗಳು ರಂಜಿತಾಳನ್ನು ತನಗೆ ಕೊಡಲಿ ಎಂಬುದೊಂದೇ ಜುಂಜೇಶನ ಆಸೆ. ವಿಡಿಯೋ ಕೆಟ್ಟರೆ ಹೆಣ್ಣು ಕೇಳಲು ಯಾವ ಮುಖ ಉಳಿದೀತು? ಎರಡೂ ಡಿಸ್ಕು ಕೂತಿದ್ದ ಪೆಟ್ಟಿಗೆಯನ್ನು ಬರಿದು ಮಾಡಿ, ಒಂದರಲ್ಲಿ ಆದದ್ದೇ ಇನ್ನೊಂದರಲ್ಲೂ ಆಗುವಂತೆ ಹೊಂದಿಸಿ, ಕ್ಯಾಮೆರಾ ಕಾರ್ಡುಗಳಿಂದ ಮತ್ತೆ ತುಂಬಿಸತೊಡಗಿದ.

ಮೊದಲು ದಡದಡನೆ ಮುಗಿದಿದ್ದ ಕೆಲಸ ಈಗ ತೆವಳಿತು.

"ಯಾಕಪ್ಪ ಇಷ್ಟು ನಿಧಾನ?" ಎಂದಳು ಎದುರಿಗೆ ಹೂ ಮಾರುವ ನಿಂಗಕ್ಕ.

"ಸೋಬಾನೆ ಹಾಡನ್ನ ಇಬ್ರು ಒಂದೊಂದು ಸಾಲು ಹಂಚ್ಕಂಡು ಬರೆದ್ರೆ ಬೇಗ ಆಗ್ತೈತಲ್ವೇನಕ್ಕ? ಈಗ ಇಬ್ರೂ ಇಡೀ ಹಾಡು ಬರೀಬೇಕು. ಓದಾಕೆ ಮಾತ್ರ ಜೋರು. ಇಬ್ರೂ ಹಂಚ್ಕಂಡು ಓದ್ತಾರೆ."

ಪೆಟ್ಟಿಗೆಯ ಹಸಿರು ದೀಪಗಳೆರಡೂ ಮಿಣುಕುತ್ತಿದ್ದವು. ನೋಡನೋಡುತ್ತ ಜುಂಜೇಶ್ ಮಾರಿಕಣಿವೆ ಅಣೆಕಟ್ಟಿನ ಮೇಲಿದ್ದ. ತಣ್ಣನೆ ಗಾಳಿ, ನೀಲಿ ನೀರು, ಪಕ್ಕದಲ್ಲಿ ರಂಜಿತಾ. "ಮಂಡಕ್ಕಿ ಕೊಡಿಸ್ರಿ" ಅಂದಳು. ಅವನು ನೀರಿನ ಮೇಲೆ ನಡೆದುಹೋಗಿ ಆಚೆ ದಡದಿಂದ ತಂದ. ಕಾಲು ಒದ್ದೆಯಾಗಲಿಲ್ಲ. ಆಹಾ, ಎಂಥ ಸುಖ! ಡಿಸ್ಕು ನಿಧಾನವಾದಷ್ಟೂ ಕನಸು ಉದ್ದವಾಯಿತು.

ಸಂಜೆ ಕೆಲಸ ಮುಗಿಯಿತು. ಮರುದಿನದ ಹಿರಿಯೂರು ಮದುವೆಗೆಂದು ಕಾರ್ಡುಗಳನ್ನು ಅಳಿಸಿ, ವಿಡಿಯೋ ಓಡಿಸಿದ. ಸರಸರನೆ ಓಡಿತು, ಓಡಿದಷ್ಟೂ ರಂಜಿತಾ! ಧಾರೆಯ ಹೊತ್ತಿಗೆ ಅವಳ ಜಡೆ, ಊಟದ ಹೊತ್ತಿಗೆ ಅವಳ ನಗು.

"ಇದ್ರಾಗೆ ಮದುಮಗಳು ಯಾರಪ್ಪ?" ಎಂದಳು ನಿಂಗಕ್ಕ.

ಅಷ್ಟರಲ್ಲಿ ಕಾಟಲಿಂಗಪ್ಪನ ಫೋನು: "ಬಸ್ ಇಳಿದೀನಿ. ವಿಡಿಯೋ ನೋಡಾಕೆ ಬರ್ತಿದೀನಿ."

"ಮಗಳನ್ನೇ ತೆಗೆದಿದ್ದು ನೋಡಿದ್ರೆ ಕೈಕಾಲು ಮುರಿತಾನೆ, ಅಳಿಸ್ಲೇ!" ಜೊತೆಗೆ ನೋಡುತ್ತಿದ್ದ ಎರ್ರಿಸ್ವಾಮಿ ಕಿರುಚಿದ. "ಇನ್ನೊಂದು ಡಿಸ್ಕಿನಾಗೆ ಇದ್ದೇ ಇರ್ತೈತಲ್ಲ!"

ಹೌದಲ್ಲ! ಜುಂಜೇಶ್ ರಂಜಿತಾ ಇದ್ದ ತುಣುಕುಗಳನ್ನೆಲ್ಲ ಧೈರ್ಯವಾಗಿ ಅಳಿಸಿದ.

ಕಾಟಲಿಂಗಪ್ಪ ಬಂದು ಕುಂತು ಮದುವೆಯನ್ನೆಲ್ಲ ಓಡಿಸಿ ನೋಡಿದ. ಮುಖ ಬಾಡಿತು. "ನಮ್ಮ ರಂಜಿತ ಎಲ್ಲೂ ಇಲ್ವಲ್ಲಪ್ಪ?"

"ಅಯ್ಯೋ ಮಾಮ, ನಾನು ಹೆಣ್ಮಕ್ಕಳ ಕಡೆ ತಲೆ ಎತ್ತಿ ನೋಡೋನಲ್ಲ."

ಕಾಟಲಿಂಗಪ್ಪ ನಿಟ್ಟುಸಿರು ಬಿಟ್ಟ. "'ಆ ವಿಡಿಯೋ ಹುಡುಗ ನನ್ನೇ ನೋಡ್ತಿದ್ದ, ನಂಗೂ ಒಪ್ಪಿಗೆ' ಅಂದಿದ್ಲು. ನಿಜಾನಾ ಅಂತ ನೋಡ್ಕಂಡು ಮಾತಾಡಾಣ ಅಂತ ಬಂದೆ. ಅವಳ ಭ್ರಮೆ ಬಿಡು. ಅವಳ್ನ ಕೇಳಿ ಬಂದಿರೋ ಹೊಳಲ್ಕೆರೆ ಗಂಡಿಗೇ ಹೂಂ ಅಂತೀನಿ."

"ಮಾಮ, ತಡೀರಿ! ಇನ್ನೊಂದರಾಗೆ ಐತೆ!" ಜುಂಜೇಶ್ ಎರಡನೇ ಡಿಸ್ಕನ್ನು ಪೆಟ್ಟಿಗೆಯಿಂದ ಕಿತ್ತು ಬೇರೆಯಾಗಿ ತೆರೆದ. ಮದುವೆ ಇತ್ತು, ರಂಜಿತಾ ಇರಲಿಲ್ಲ. ಒಂದರಲ್ಲಿ ಅಳಿಸಿದ್ದನ್ನು ಇನ್ನೊಂದೂ ಅದೇ ಗಳಿಗೆಯಲ್ಲಿ ಅಳಿಸಿಕೊಂಡಿತ್ತು. ಕಾರ್ಡುಗಳನ್ನು ತಡಕಿದ, ಅವೂ ಖಾಲಿ.

ಕಾಟಲಿಂಗಪ್ಪ ಎದ್ದು ಬೆನ್ನು ತಟ್ಟಿದ. "ನನ್ನ ಸಮಾಧಾನಕ್ಕೆ ಸುಳ್ಳು ಹೇಳಬ್ಯಾಡಪ್ಪ. ಅವಳ ಮದುವೆಗೂ ನೀನೇ ವಿಡಿಯೋ ತೆಗಿ. ನಿನ್ನಂಗೆ ಹೆಣ್ಮಕ್ಕಳ ಕಡೆ ನೋಡದೋರು ಸಿಗಾದು ಕಷ್ಟ."