ತೊಂಬತ್ತೇಳರ ಪೆಟ್ರೋಲು

ಆ ಭಾನುವಾರದ ರಗಳೆಗೆಲ್ಲ ಮೂಲ ಗೋಕುಲನ ಬಾಯಿ. ಬೆಳಿಗ್ಗೆ ಎದ್ದು ಕಾರಿಗೆ ಪೆಟ್ರೋಲ್ ಹಾಕಿಸಿಕೊಂಡು ಬಂದವನು ತೆಪ್ಪಗೆ ಸ್ನಾನಕ್ಕೆ ಹೋಗಿದ್ದರೆ ಏನೂ ಆಗುತ್ತಿರಲಿಲ್ಲ. ಪಕ್ಕದ ಮನೆಯ ವೆಂಕಟರಾಮಯ್ಯನವರು ಕಾಂಪೌಂಡಿನ ಮೇಲಿಂದ ಕತ್ತು ಚಾಚಿ, ಶೆಟ್ಟಿಹಳ್ಳಿಯಲ್ಲೇ ಬಂಕ್ ಇರುವಾಗ ಹೆಬ್ಬಾಳದ ತನಕ ಯಾಕಯ್ಯ ಹೋಗಿದ್ದೆ ಅಂತ ಕೇಳಿದರು. ಇವನು ನಿಂತು ಉತ್ತರ ಹೇಳಿದ. ರಿಟೈರಾಗಿ ಆರು ವರ್ಷವಾದ ಮನುಷ್ಯನಿಗೆ ಯಾರಾದರೂ ಅಷ್ಟು ವಿವರವಾಗಿ ಉತ್ತರ ಹೇಳುತ್ತಾರೆಯೇ?

ಗೋಕುಲನದು ಹದಿನಾಲ್ಕು ವರ್ಷದ ಹಳೇ ಎಸ್ಟೀಮ್. ಅದರ ಡಿಕ್ಕಿಯಲ್ಲಿ ಒಂದು ನೀಲಿ ಸಿಲಿಂಡರ್. ಗುಂಡಿ ಒತ್ತಿದರೆ ಅದರೊಳಗಿನ ನೈಟ್ರಸ್ ಗ್ಯಾಸು ಇಂಜಿನ್ನಿಗೆ ನುಗ್ಗಿ, ಕಾರು ಕಟ್ಟು ಕಿತ್ತ ಹೋರಿಯಂತೆ ಹಾರುತ್ತದೆ. ಇದನ್ನು ಕೂರಿಸಿಕೊಟ್ಟವನು ಯಶವಂತಪುರದ ಮೆಕ್ಯಾನಿಕ್ ನಜೀರ್. ಬರೀ ಗ್ಯಾಸ್ ಬಿಟ್ಟರೆ ಸಾಲದು, ಅನ್ನ ಜಾಸ್ತಿ ಬಡಿಸಿದರೆ ಸಾರೂ ಜಾಸ್ತಿ ಬೇಕಲ್ಲ ಸಾರ್ ಅಂತ ಅವನು ಪೆಟ್ರೋಲ್ ಪಂಪನ್ನೂ ಬದಲಿಸಿ ದೊಡ್ಡದು ಹಾಕಿದ್ದ. ಆ ಪೆಟ್ರೋಲೂ ಸಾದಾ ತೊಂಬತ್ತೊಂದು ಆಕ್ಟೇನಿನದಾಗಬಾರದು; ಆಕ್ಟೇನ್ ಅಂದರೆ ಇಂಧನ ಅವಸರಕ್ಕೆ ಹೊತ್ತಿಕೊಳ್ಳದೆ ತಡೆದುಕೊಳ್ಳುವ ಶಕ್ತಿಯ ಲೆಕ್ಕ. ಗ್ಯಾಸಿನ ರಭಸಕ್ಕೆ ಅದು ಸಮಯಕ್ಕೆ ಮುಂಚೆಯೇ ಹೊತ್ತಿಕೊಂಡು ಪಿಸ್ಟನ್ ತೂತು ಬೀಳುತ್ತದೆ. ತೊಂಬತ್ತೇಳೇ ಆಗಬೇಕು.

ಅವತ್ತು ಯಲಹಂಕದ ಆಚೆ ಒಂದು ಖಾಸಗಿ ರನ್‌ವೇಯಲ್ಲಿ ರೇಸು. ಕಾಲು ಮೈಲಿಯನ್ನು ಹದಿನಾರು ಸೆಕೆಂಡಿನೊಳಗೆ ಮುಟ್ಟಿದರೆ ಕಾರು ಉಳಿಯುತ್ತದೆ, ಇಲ್ಲದಿದ್ದರೆ ಮಾರುವುದು. ಇದು ಅವನಿಗೂ ಹೆಂಡತಿ ತೇಜಸ್ವಿನಿಗೂ ಆಗಿದ್ದ ಒಪ್ಪಂದ. ತೇಜಸ್ವಿನಿ ಯಲಹಂಕದ ಒಂದು ಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಮನೆ ಮುಂದೆ ಕಾರಿದ್ದೂ ದಿನಾ ಎರಡು ಬಸ್ ಬದಲಿಸಿ ಹೋಗುತ್ತಿದ್ದಳು, ಯಾಕೆಂದರೆ ಆ ಕಾರು ಕುಡಿಯುವ ಪೆಟ್ರೋಲಿಗೆ ಅವಳ ಅರ್ಧ ಸಂಬಳ ಬೇಕು. ಅವಳದು ತಪ್ಪು ಅಂತ ನಾನಂತೂ ಹೇಳಲಾರೆ. ಆದರೆ ಗೋಕುಲನಿಗೆ ಆ ಕಾರೆಂದರೆ ಪ್ರಾಣ. ಇವತ್ತು ಏನೇ ಆಗಲಿ, ಹದಿನಾರರೊಳಗೆ ಮುಟ್ಟಿಯೇ ಸಿದ್ಧ ಅಂತ ಹಲ್ಲು ಕಚ್ಚಿಕೊಂಡಿದ್ದ.

ಇಷ್ಟನ್ನೂ ಕೇಳಿಸಿಕೊಂಡ ವೆಂಕಟರಾಮಯ್ಯನವರಿಗೆ ಅರ್ಥವಾದದ್ದು ಒಂದೇ, ಹುಡುಗನಿಗೆ ಪೆಟ್ರೋಲು ಸ್ಟ್ರಾಂಗ್ ಆಗಬೇಕು. ಗೋಕುಲ ಸ್ನಾನ ಮುಗಿಸಿ ಬರುವಷ್ಟರಲ್ಲಿ ಅವರು ಟ್ಯಾಂಕಿನ ಮುಚ್ಚಳ ತಿರುಗಿಸುತ್ತಿದ್ದರು. ಕೈಯಲ್ಲಿ ನುಸಿ ಗುಳಿಗೆಯ ಖಾಲಿ ಪೊಟ್ಟಣ. ಬೀರುವಿನಲ್ಲಿ ರೇಷ್ಮೆ ಸೀರೆಗಳ ನಡುವೆ ಇಡುತ್ತಾರಲ್ಲ, ಅದೇ ಬಿಳಿ ಗುಳಿಗೆ.

"ಹನ್ನೆರಡು ಹಾಕಿದೀನಿ ಕಣಯ್ಯ. ನನ್ನ ಸ್ಕೂಟರ್‌ಗೆ ಇಪ್ಪತ್ತು ವರ್ಷ ಇದನ್ನೇ ಹಾಕಿದ್ದು, ನಂದಿ ಬೆಟ್ಟ ಸೆಕೆಂಡ್ ಗೇರಲ್ಲಿ ಹತ್ತೋದು," ಅಂದರು.

ಗೋಕುಲ ಉಟ್ಟಿದ್ದ ಟವೆಲಿನಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತ. ಹಿರಿಯರನ್ನು ಬೈಯುವ ಹಾಗಿಲ್ಲ, ಬೈಯದೆ ಇರೋಕೂ ಆಗುತ್ತಿಲ್ಲ. ನಜೀರ್‌ಗೆ ಫೋನು ಹೋಯಿತು. ಅವನು ಬಂದು, ಮೂಸಿ ನೋಡಿ, ಟ್ಯಾಂಕ್ ಇಳಿಸಿ ತೊಳೆಯಲೇಬೇಕು, ಇಲ್ಲಾಂದ್ರೆ ಗುಳಿಗೆ ಪುಡಿ ಪಂಪಿನ ಜಾಲರಿಗೆ ಕಚ್ಚಿಕೊಳ್ಳುತ್ತೆ ಅಂದ. ಪಂಪ್ ಕಟ್ಟಿಕೊಂಡು, ಗ್ಯಾಸ್ ಮಾತ್ರ ನುಗ್ಗಿದರೆ ಇಂಜಿನ್ ಕತೆ ಅಲ್ಲಿಗೆ ಮುಗೀತು.

ಟ್ಯಾಂಕಿನಿಂದ ಪೆಟ್ರೋಲ್ ಎಳೆಯುತ್ತಿದ್ದಾರೆ ಎಂಬ ಸುದ್ದಿ ಬೀದಿಗೆ ಮುಟ್ಟಲು ಎರಡು ನಿಮಿಷ ಸಾಕಾಯಿತು. ಚೆಲ್ಲೋದೇ ಆದ್ರೆ ನಮಗೇ ಕೊಡಿ ಅಂತ ನೀರಿನ ಬಾಟಲಿ, ಎಣ್ಣೆ ಕ್ಯಾನು, ಕೊನೆಗೆ ಒಬ್ಬರು ಪ್ರೆಶರ್ ಕುಕ್ಕರನ್ನೂ ಹಿಡಿದು ಸಾಲಾಗಿ ನಿಂತರು. ಹದಿನೈದು ಲೀಟರ್ ತೊಂಬತ್ತೇಳು ಹೀಗೆ ಬೀದಿಯ ಸ್ಕೂಟರುಗಳ ಪಾಲಾಯಿತು. ವೆಂಕಟರಾಮಯ್ಯನವರೂ ಎರಡು ಲೀಟರ್ ಹಿಡಿದುಕೊಂಡರು.

ಟ್ಯಾಂಕ್ ತೊಳೆದು ಕೂರಿಸುವಷ್ಟರಲ್ಲಿ ಮಧ್ಯಾಹ್ನ ಒಂದು ಗಂಟೆಯಾಗಿತ್ತು. ರನ್‌ವೇಯ ಗೇಟು ನಾಲ್ಕಕ್ಕೆ ಮುಚ್ಚುತ್ತದೆ. ಟ್ಯಾಂಕಿನಲ್ಲಿ ಹನಿಯಿಲ್ಲ. ಹೆಬ್ಬಾಳದ ಬಂಕಿನವರು ಕ್ಯಾನಿಗೆ ಹಾಕುವುದಿಲ್ಲ. ಅಲ್ಲಿಗೆ ಹೋಗುವಷ್ಟು ಒಂದು ಲೀಟರ್ ಸಾದಾ ಪೆಟ್ರೋಲ್ ಹಾಕೋಣ ಅಂತ ನಜೀರ್ ಅಂದ. ಗೋಕುಲ ಸುತರಾಂ ಒಪ್ಪಲಿಲ್ಲ. ಬೆರಕೆಯಾದರೆ ಪಿಸ್ಟನ್ ಹೋಗುತ್ತದೆ, ಪಿಸ್ಟನ್ ಹೋದರೆ ಕಾರೇ ಹೋಗುತ್ತದೆ. ಕೊನೆಗೆ ವೆಂಕಟರಾಮಯ್ಯನವರೇ ಪ್ರಾಯಶ್ಚಿತ್ತಕ್ಕೆಂಬಂತೆ ಒಂದು ಹಾಲಿನ ಟೆಂಪೋ ಹಿಡಿದು ತಂದರು. ಹಗ್ಗ ಕಟ್ಟಿ ಕಾರನ್ನು ಎಳೆದುಕೊಂಡು ಹೊರಟಿದ್ದಾಯಿತು. ಸ್ಟೀರಿಂಗ್ ಹಿಡಿದು ಗೋಕುಲ, ಪಕ್ಕದಲ್ಲಿ ಸಾಕ್ಷಿಗೆ ತೇಜಸ್ವಿನಿ, ಹಿಂದೆ ನಜೀರ್.

ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಟ್ರಾಫಿಕ್ ಪೊಲೀಸು ಬಗ್ಗಿ ನೋಡಿ, ಏನ್ರೀ ರಿಪೇರಿ ಅಂದ. ರಿಪೇರಿ ಇಲ್ಲ ಸಾರ್, ಪೆಟ್ರೋಲಿಲ್ಲ ಅಂದ ಗೋಕುಲ. ಪೊಲೀಸು ಹತ್ತೇ ಹೆಜ್ಜೆ ಆಚೆಗಿದ್ದ ಬಂಕನ್ನು ತೋರಿಸಿದ.

"ಅದು ತೊಂಬತ್ತೊಂದು ಸಾರ್," ಅಂದ ಗೋಕುಲ.

ಪೊಲೀಸು ತೇಜಸ್ವಿನಿಯ ಮುಖವನ್ನೊಮ್ಮೆ ನೋಡಿ, ಪಾಪ ಅನ್ನಿಸಿತೋ ಏನೋ, ಹೋಗಿ ಅಂತ ಕೈ ಬೀಸಿದ.

ಹೆಬ್ಬಾಳದಲ್ಲಿ ತೊಂಬತ್ತೇಳು ಬೀಳುತ್ತಿರುವಾಗ ತೇಜಸ್ವಿನಿ ಮೀಟರ್ ನೋಡುತ್ತಾ, ಇದಕ್ಕಿಂತ ಮೇಲಿನದು ಸಿಗಲ್ವಾ ಅಂತ ಕೇಳಿದಳು. ಎರಡು ವರ್ಷದಲ್ಲಿ ಅವಳು ಕಾರಿನ ವಿಷಯ ಪ್ರೀತಿಯಿಂದ ಕೇಳಿದ್ದು ಅದೇ ಮೊದಲು. ಗೋಕುಲ ಹಿಗ್ಗಿಹೋದ. ಆಕ್ಟೇನ್ ಹೆಚ್ಚಿದ್ದಷ್ಟೂ ಇಂಜಿನ್ ಸುಖವಾಗಿರುತ್ತೆ ತೇಜು, ನೂರರ ಮೇಲಿನದು ಸಿಕ್ಕರೆ ಕಣ್ಣಿಗೊತ್ತಿಕೊಂಡು ಹಾಕ್ತೀನಿ ಅಂತ ಮನಸ್ಸು ಬಿಚ್ಚಿ ಹೇಳಿದ. ಅವಳು ತಲೆಯಾಡಿಸಿದಳು. ಆಮೇಲೆ ಯಲಹಂಕದವರೆಗೂ ಹಿಂದಿನ ಸೀಟಿಗೆ ಹೋಗಿ ಕೂತು ನಜೀರ್ ಹತ್ತಿರ ಏನೇನೋ ಕೇಳುತ್ತಿದ್ದಳು. ಗೋಕುಲನ ಕಿವಿಯೆಲ್ಲ ಇಂಜಿನ್ ಸದ್ದಿನ ಮೇಲೇ ಇತ್ತು.

ಗೇಟು ಮುಚ್ಚಲು ಆರು ನಿಮಿಷವಿರುವಾಗ ಒಳಗೆ ಹೊಕ್ಕರು. ಅವನ ಸರದಿ ಬಂತು. ಹಸಿರು ದೀಪ ಹತ್ತಿತು. ಎರಡನೇ ಗೇರಿನಲ್ಲಿ ಗುಂಡಿ ಒತ್ತಿದ. ಬೆನ್ನು ಸೀಟಿಗೆ ಅಂಟಿಕೊಂಡಿತು, ಕಣ್ಣಲ್ಲಿ ನೀರು ಬಂತು, ಬಾಯಲ್ಲಿ ಮನೆದೇವರ ಹೆಸರು ಬಂತು. ಬೋರ್ಡಿನ ಮೇಲೆ ಹದಿನೈದು ಪಾಯಿಂಟ್ ಎಂಟು ಅಂತ ಬಿತ್ತು.

ಗೋಕುಲ ಕಾರಿನಿಂದ ಇಳಿದು ಬಾನೆಟ್ಟಿಗೆ ಮುತ್ತು ಕೊಟ್ಟು ತುಟಿ ಸುಟ್ಟುಕೊಂಡ. ನಜೀರ್ ಓಡಿ ಬಂದು ತಬ್ಬಿಕೊಂಡ. ತೇಜಸ್ವಿನಿ ನಗುತ್ತಾ ಬಂದು ಅವನ ಕೈ ಕುಲುಕಿದಳು.

"ಮಾತಂದ್ರೆ ಮಾತು ಕಣ್ರೀ. ಕಾರು ಮಾರೋದು ಬೇಡ," ಅಂದಳು. "ನಿಜ ಹೇಳ್ಬೇಕಂದ್ರೆ, ಇಷ್ಟು ಗಟ್ಟಿ ಇಂಜಿನ್ನು ಅಂತ ನಂಗೆ ಗೊತ್ತೇ ಇರ್ಲಿಲ್ಲ. ನಾಳೆಯಿಂದ ನಾನೇ ಇದರಲ್ಲಿ ಸ್ಕೂಲಿಗೆ ಹೋಗ್ತೀನಿ."

ಪೆಟ್ರೋಲ್ ಖರ್ಚು ತಡೆಯಲ್ಲ ಅಂತ ಗೋಕುಲ ಮೆಲ್ಲಗೆ ನೆನಪಿಸಿದ.

"ಪೆಟ್ರೋಲ್ ಯಾಕ್ರೀ? ಆಟೋಗಳಿಗೆ ಹಾಕೋ ಎಲ್‌ಪಿಜಿಗೆ ಆಕ್ಟೇನ್ ನೂರರ ಮೇಲಂತೆ. ನಜೀರ್ ಹೇಳಿದ್ರು. ಬೆಲೇನೂ ಅರ್ಧ. ಅದರ ಟ್ಯಾಂಕು, ಪೈಪಿನ ಸೆಟ್ಟು ಎಲ್ಲಾ ನಜೀರ್ ಗ್ಯಾರೇಜಲ್ಲೇ ಇದೆ, ಇವತ್ತೇ ಹಾಕ್ಕೊಡ್ತಾರೆ."

ಗೋಕುಲ ನಜೀರ್‌ನ ಮುಖ ನೋಡಿದ. ನಜೀರ್ ನೆಲ ನೋಡಿದ. ಆಕ್ಟೇನ್ ಹೆಚ್ಚಾದರೆ ಒಳ್ಳೆಯದಲ್ಲ ಅಂತ ಹೇಳೋಣವೆಂದರೆ ಬೆಳಗಿನಿಂದ ತಾನೇ ಆಡಿದ ಮಾತುಗಳೆಲ್ಲ ಅಡ್ಡ ಬಂದವು.

"ಸಾರ್, ಬೇಜಾರ್ ಮಾಡ್ಕೋಬೇಡಿ," ಅಂದ ನಜೀರ್, ಡಿಕ್ಕಿ ತೆಗೆಯುತ್ತಾ. "ಈ ನೀಲಿ ಸಿಲಿಂಡರ್ ಬಿಚ್ಚಿದ್ರೇನೇ ಎಲ್‌ಪಿಜಿ ಟ್ಯಾಂಕಿಗೆ ಜಾಗ ಆಗೋದು. ಆ ಹದಿಮೂರನೇ ನಂಬರ್ ಸ್ಪ್ಯಾನರ್ ಸ್ವಲ್ಪ ಕೊಡಿ."

ಗೋಕುಲನೇ ಎತ್ತಿ ಕೊಟ್ಟ.