ಮುರೊರಾನ್‌ನಲ್ಲಿ ಅತ್ತೆಯ ವಿಭೂತಿ

ನಮ್ಮ ಮನೆಯ ಮಂದಿ ಕಮಲಾಪುರಕ್ಕೆ ಹೋಗಿ ಒಂದು ಬಾಳೆಗೊನೆ ತಂದರೂ ಅದರ ಹಿಂದೆ ಒಂದು ಕಥೆ ಬರುತ್ತದೆ. ಅಂಥವರು ಜಪಾನಿಗೆ ಹೋದರೆ ಕೇಳಬೇಕೇ? ಮೊದಲ ದಿನದ್ದಷ್ಟೇ ಹೇಳುತ್ತೇನೆ. ಉಳಿದ ದಿನಗಳದ್ದನ್ನೂ ಬರೆದರೆ ನನ್ನ ಗಂಡ ಓದಿಬಿಟ್ಟಾರು.

ಗಣಿಗಾರಿಕೆ ಜೋರಾಗಿದ್ದ ವರ್ಷಗಳವು. ಸಂಡೂರಿನಿಂದ ಅದಿರು ತರುವ ಲಾರಿಗಳ ಕೆಂಪು ಧೂಳು ಹೊಸಪೇಟೆಯ ಮನೆ, ಮರ, ಎಮ್ಮೆ ಎಲ್ಲವನ್ನೂ ಒಂದೇ ಬಣ್ಣಕ್ಕೆ ತಂದಿತ್ತು. ನನ್ನ ಗಂಡನದು ಅದಿರು ಪರೀಕ್ಷೆ ಮಾಡುವ ಸಣ್ಣ ಲ್ಯಾಬು. ಅದಿರು ನೋಡಲು ಬರುತ್ತಿದ್ದ ಒಬ್ಬ ಜಪಾನಿ ಸಾಹೇಬರು ನಮ್ಮ ಮನೆಯಲ್ಲಿ ಮೂರು ಸಲ ಉಂಡಿದ್ದರು. ಪ್ರತಿ ಸಲವೂ ಬಿಳಿ ಶರ್ಟಿನಲ್ಲಿ ಬಂದು ಕೆಂಪು ಶರ್ಟಿನಲ್ಲಿ ಹೋಗುತ್ತಿದ್ದರು. ನಿವೃತ್ತರಾದ ಮೇಲೆ ‘ಎಲ್ಲರೂ ನಮ್ಮೂರಿಗೆ ಬನ್ನಿ’ ಎಂದು ಪತ್ರ ಬರೆದರು.

ಎಲ್ಲರೂ ಎಂದರೆ ನಾನು, ನನ್ನ ಗಂಡ ಮತ್ತು ಅತ್ತೆ. ಅತ್ತೆ ಕಂಪ್ಲಿಯ ರೈಸ್‌ಮಿಲ್ ಮನೆಯವರು. ವಿಮಾನ ಹತ್ತಬೇಕೆಂಬ ಆಸೆಯನ್ನು ನನ್ನೊಬ್ಬಳ ಹತ್ತಿರ ಮಾತ್ರ ಹೇಳಿಕೊಂಡಿದ್ದರು. ಕಂಪ್ಲಿಯಲ್ಲಿರುವ ನಾದಿನಿ ಮಾತ್ರ ಒಪ್ಪಲಿಲ್ಲ. “ಅವ್ವ ಲಿಂಗಪೂಜಿ ಆಗದ ಒಂದು ತುತ್ತು ಮುಟ್ಟಂಗಿಲ್ಲ. ಅಲ್ಲಿ ಉಪಾಸ ಬಿದ್ದರ ನೀನ ಹೊಣಿ ನೋಡು” ಎಂದಳು.

“ನಾನದೀನಲ್ರೀ, ಬಿಡ್ರಿ” ಎಂದು ಎದೆ ತಟ್ಟಿಕೊಂಡು ಹೇಳಿದೆ. ಹೇಳಬಾರದಿತ್ತು.

೧. ಒಳಗೆ ಏನಿತ್ತು?

ಅತ್ತೆ ವಿಭೂತಿ ಗಟ್ಟಿಗಳನ್ನು ಕೈಚೀಲದಲ್ಲೇ ಇಟ್ಟುಕೊಂಡಿದ್ದರು. ತಪಾಸಣೆಯವರು ಬಿಳಿ ಗಟ್ಟಿ ಕಂಡು ಏನೇನೋ ಅನುಮಾನ ಪಟ್ಟಾರೆಂದು ಬೆಂಗಳೂರಿನಲ್ಲಿ ನಾನೇ ಅವನ್ನು ತೆಗೆದು ದೊಡ್ಡ ಪೆಟ್ಟಿಗೆಗೆ ಹಾಕಿದೆ. ಜಾಣತನ ಅಂದರೆ ಇದು. ಜಪಾನಿನಲ್ಲಿ ಇಳಿದಾಗ ಮೂರು ಪೆಟ್ಟಿಗೆಗಳಲ್ಲಿ ಎರಡು ಬಂದವು. ಬಾರದಿದ್ದುದು ಅದೇ.

ಅತ್ತೆ ನನ್ನನ್ನು ಬಯ್ಯಲಿಲ್ಲ. ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಒಮ್ಮೆ ಮುಟ್ಟಿಕೊಂಡು, “ಲಿಂಗಪ್ಪ ನನ್ನ ಹತ್ರನ ಅದಾನ. ವಿಭೂತಿ ಬಂದ ಮ್ಯಾಲೆ ಪೂಜಿ ಮಾಡಿ ಉಂಡರಾತು ಬಿಡು” ಎಂದರು. ಬಯ್ದಿದ್ದರೆ ಎಷ್ಟೋ ಸುಖವಿತ್ತು. ನನಗೆ ಅಲ್ಲೇ ಅಳು ಬಂತು.

ಕೌಂಟರಿನ ಹುಡುಗಿ ಹತ್ತು ಸಲ ಬಗ್ಗಿ ಕ್ಷಮೆ ಕೇಳಿ, ಪೆಟ್ಟಿಗೆಯೊಳಗೆ ಏನಿತ್ತೆಂದು ಇಂಗ್ಲಿಷಿನಲ್ಲಿ ವಿಚಾರಿಸಿದಳು. ಲ್ಯಾಬಿನ ಮನುಷ್ಯ ನನ್ನ ಗಂಡ. ಇದ್ದದ್ದನ್ನು ಇದ್ದಂತೆ ಹೇಳುವವರು. “ಹಸುವಿನ ಸಗಣಿ. ಚೆನ್ನಾಗಿ ಸುಟ್ಟದ್ದು” ಎಂದರು.

ಹುಡುಗಿಯ ಪೆನ್ನು ಒಂದು ಕ್ಷಣ ನಿಂತಿತು. ಆಮೇಲೆ ಅಂದವಾಗಿ ಬರೆದುಕೊಂಡು, ಇನ್ನೊಮ್ಮೆ ಬಗ್ಗಿ ಕೇಳಿದಳು: “ಎಷ್ಟು ಹಸುಗಳದ್ದು, ಸರ್?”

೨. ಮಾಲು ಪಾಸಾಗಲಿಲ್ಲ

ಸಾಹೇಬರು ಕಾರಿನಲ್ಲಿ ನಮ್ಮನ್ನು ಮುರೊರಾನ್‌ಗೆ ಕರೆದೊಯ್ದರು. ಜಪಾನಿನ ಉತ್ತರದ ಬಂದರು ಊರು. ಉಕ್ಕಿನ ಕಾರ್ಖಾನೆ, ಸಮುದ್ರ, ಉಸಿರು ಬಿಟ್ಟರೆ ಹೊಗೆ ಕಾಣುವ ಚಳಿ. ಸಾಹೇಬರಿಗೆ ಬರುವ ಕನ್ನಡ ಒಂದೇ ವಾಕ್ಯ, ನಮ್ಮ ಮನೆಯಲ್ಲೇ ಕಲಿತದ್ದು. ಕಾರು ಹತ್ತುತ್ತಲೇ ಅತ್ತೆಯತ್ತ ತಿರುಗಿ, “ಊಟ ಆತ್ರೀ?” ಎಂದರು.

“ಇಲ್ಲಪಾ” ಎಂದರು ಅತ್ತೆ. ಸಾಹೇಬರಿಗೆ ಗೊತ್ತಿದ್ದುದು ಪ್ರಶ್ನೆಯಷ್ಟೇ, ಉತ್ತರ ಅರ್ಥವಾಗದು. ಸಂತೋಷದಿಂದ ತಲೆಯಾಡಿಸಿದರು.

ಹೋಟೆಲಿನ ಮುಂದೆ ರಸ್ತೆಯ ಹಿಮವನ್ನೆಲ್ಲ ಗೋರಿ ಆಳೆತ್ತರ ರಾಶಿ ಹಾಕಿದ್ದರು. ನಾನು ಮತ್ತು ಅತ್ತೆ ಮೊದಲ ಸಲ ಹಿಮ ಕಂಡು ಬಾಯಿ ತೆರೆದು ನಿಂತೆವು. ಅಷ್ಟರಲ್ಲಿ ನನ್ನ ಗಂಡ ರಾಶಿಯ ಬಳಿ ಹೋಗಿ ಬುಡದಿಂದ ಒಂದು ಹಿಡಿ, ನಡುವಿನಿಂದ ಒಂದು ಹಿಡಿ, ತುದಿಯಿಂದ ಒಂದು ಹಿಡಿ ತೆಗೆದರು. ಒಂದೊಂದನ್ನೂ ಗಟ್ಟಿಯಾಗಿ ಹಿಂಡಿ, ಕೈ ತೆರೆದು, ಕಣ್ಣು ಕಿರಿದು ಮಾಡಿ ನೋಡಿದರು. ದಿನಾ ಯಾರ್ಡಿನಲ್ಲಿ ಅದಿರಿನ ತೇವ ನೋಡುವ ಕೈ ಅದು. ರಾಶಿ ಕಂಡರೆ ಸುಮ್ಮನಿರದು.

“ತ್ಯಾವ ಭಾಳ ಐತಿ” ಎಂದು ತಲೆ ಅಲ್ಲಾಡಿಸಿದರು.

ನನಗೆ ನಾಚಿಕೆಯಾಗಿ ಸಾಹೇಬರ ಕಡೆ ತಿರುಗಿದರೆ ಅವರು ಅಲ್ಲಿರಲಿಲ್ಲ. ರಾಶಿಯ ಆ ಕಡೆಯಿಂದ ಒಂದು ಹಿಡಿ ತೆಗೆದು ಅವರೂ ಹಿಂಡುತ್ತಿದ್ದರು.

೩. ಧೂಳಿಲ್ಲದ ಸೋಫಾ

ನಮ್ಮೂರಲ್ಲಿ ಒರೆಸದೆ ಯಾರೂ ಎಲ್ಲೂ ಕೂರುವುದಿಲ್ಲ. ಅತ್ತೆ ಹೋಟೆಲಿನ ಸೋಫಾವನ್ನು ಸೆರಗಿನಿಂದ ಒರೆಸಿ ಸೆರಗು ನೋಡಿದರು. ಏನೂ ಇಲ್ಲ. ಮೇಜು ಒರೆಸಿದರು. ಏನೂ ಇಲ್ಲ. ಕಿಟಕಿಯ ಸಂದಿಗೆ ಬೆರಳು ಹಾಕಿ ನೋಡಿದರು. ಆಗಲೂ ಇಲ್ಲ.

“ಇಲ್ಲಿ ಮಂದಿ ಇರತಾರೇನವಾ?” ಎಂದು ನನ್ನನ್ನು ಕೇಳಿದರು.

ಇದನ್ನು ಕಂಡ ಹೋಟೆಲಿನ ಹೆಣ್ಣುಮಗಳು ಎಲ್ಲೋ ಕೊಳೆ ಇದೆಯೆಂದು ಗಾಬರಿಯಾಗಿ ಬಟ್ಟೆ ಹಿಡಿದು ಓಡಿ ಬಂದಳು. ಸೋಫಾ ಒರೆಸಿದಳು, ಬಗ್ಗಿದಳು. ಪಾಪ, ಆಕೆಯೊಬ್ಬಳೇ ಒರೆಸುವುದೇ ಎಂದು ಅತ್ತೆಯೂ ಸೆರಗು ಹಿಡಿದು ಕೈಜೋಡಿಸಿದರು. ಅವಳು ಇನ್ನೂ ಗಾಬರಿಯಾಗಿ ಇನ್ನೊಬ್ಬಳನ್ನು ಕರೆದಳು. ನಾನು ಅತ್ತೆಯ ಕೈ ಹಿಡಿದು ಎಬ್ಬಿಸುವ ಹೊತ್ತಿಗೆ ಮೂವರೂ ಸೇರಿ ಒರೆಸುತ್ತ ಮೆಟ್ಟಿಲವರೆಗೆ ಬಂದಿದ್ದರು.

ಆಗಲೇ ಹೋಟೆಲಿನ ಫೋನಿಗೆ ನಾದಿನಿಯ ಕರೆ ಬಂತು. “ಅವ್ವ ಉಂಡ್ಳೇನು?”

“ಈಗ ಕೆಲಸದಾಗ ಅದಾರ್ರಿ” ಎಂದೆ. ಸುಳ್ಳೇನಲ್ಲವಲ್ಲ.

೪. ಬೆಟ್ಟದ ಮೇಲಿನ ಗುಡಿ

ಮಧ್ಯಾಹ್ನ ದಾಟಿತು. ಪೆಟ್ಟಿಗೆಯ ಸುದ್ದಿಯಿಲ್ಲ. ಅತ್ತೆಯ ಹೊಟ್ಟೆಯಲ್ಲಿ ಹಿಂದಿನ ದಿನ ವಿಮಾನ ಹತ್ತುವ ಮುಂಚೆ ಉಂಡದ್ದು ಬಿಟ್ಟರೆ ನೀರಷ್ಟೇ. ಮುಖ ಬಾಡಿತ್ತು, ಆದರೂ “ನನಗೇನಾಗೇತಿ?” ಎನ್ನುತ್ತಿದ್ದರು. ಸಾಹೇಬರು ಗಂಟೆಗೊಮ್ಮೆ ಪ್ರೀತಿಯಿಂದ “ಊಟ ಆತ್ರೀ?” ಎಂದು ಕೇಳುತ್ತಲೇ ಇದ್ದರು. ಪ್ರತಿ ಸಲವೂ ಆ ಮಾತು ನನಗೇ ಚುಚ್ಚುತ್ತಿತ್ತು. ಸಂಜೆಯವರೆಗೆ ನೋಡಿ ವಾಪಸ್ಸು ಹೊರಟುಬಿಡೋಣ ಎಂದು ಗಂಡನಿಗೆ ಹೇಳಿಯೂ ಆಗಿತ್ತು.

ಬಂದರು ಕಾಣುತ್ತದೆಂದು ಸಾಹೇಬರು ಬೆಟ್ಟದ ಮೇಲಿನ ಬೌದ್ಧ ಗುಡಿಗೆ ಕರೆದೊಯ್ದರು. ಅಂಗಳದಲ್ಲಿ ನಮ್ಮ ಹಂಡೆಯಷ್ಟು ದೊಡ್ಡ ಕಂಚಿನ ಪಾತ್ರೆ. ಅದರ ತುಂಬ ಬೂದಿ, ಬೂದಿಯಲ್ಲಿ ಊದುಬತ್ತಿ. ಭಕ್ತರು ಹೊಗೆಯನ್ನು ಕೈಯಿಂದ ತಲೆಗೆ ಎಳೆದುಕೊಳ್ಳುತ್ತಿದ್ದರು.

ಅತ್ತೆ ಪಾತ್ರೆಯ ಸುತ್ತ ಒಂದು ಸುತ್ತು ಬಂದರು. ನಾನು “ಅತ್ತೀ, ಬ್ಯಾಡ್ರಿ…” ಎನ್ನುವಷ್ಟರಲ್ಲಿ ಕೈ ಒಳಗೆ ಹೋಗಿತ್ತು. ಚಿಟಿಕೆ ಬೂದಿ ತೆಗೆದು, ಬೆರಳಲ್ಲಿ ತಿಕ್ಕಿ, ಮೂಸಿ ನೋಡಿದರು.

“ನುಣ್ಣಗ ಐತಿ. ದೇವರ ಮುಂದ ಸುಟ್ಟದ್ದು. ಸಗಣಿ ಆಗಲಿಲ್ಲ ಅಂತ ಲಿಂಗಪ್ಪ ಸಿಟ್ಟಾಗಂಗಿಲ್ಲ” ಎಂದು ಮೂರು ಬೆರಳಲ್ಲಿ ಹಣೆಗೆ ಎಳೆದುಕೊಂಡರು.

ಊದುಬತ್ತಿ ಹಿಡಿದವರೆಲ್ಲ ಅತ್ತೆಯತ್ತ ತಿರುಗಿದರು. ಒಳಗಿನಿಂದ ವಯಸ್ಸಾದ ಗುರುಗಳು ಬಂದರು. ನಮ್ಮನ್ನು ಹೊರಗೆ ಹಾಕುತ್ತಾರೆಂದೇ ನಾನು ಅಂದುಕೊಂಡೆ. ಅತ್ತೆ ಅವರಿಗೆ ಕೈಮುಗಿದು, “ತಪ್ಪಾತೇನು ಕೇಳು. ಪೂಜಿಗೆ ವಿಭೂತಿ ಇರಲಿಲ್ಲ ಅಂತನೂ ಹೇಳು” ಎಂದು ಮಗನಿಗೆ ಹೇಳಿದರು. ಮಗ ಇಂಗ್ಲಿಷಿನಲ್ಲಿ ಸಾಹೇಬರಿಗೆ, ಸಾಹೇಬರು ಜಪಾನಿಯಲ್ಲಿ ಗುರುಗಳಿಗೆ ಮುಟ್ಟಿಸಿದರು.

ಗುರುಗಳು ಒಳಗೆ ಹೋಗಿ ಒಂದು ಕೋಣೆಯ ಬಾಗಿಲು ಸರಿಸಿ, ಚಾಪೆ ತೋರಿಸಿ, ತಾಮ್ರದ ಬಟ್ಟಲಲ್ಲಿ ನೀರಿಟ್ಟರು. ಅತ್ತೆ ಅರ್ಧ ಗಂಟೆ ಲಿಂಗಪೂಜೆ ಮಾಡಿದರು. ಆಮೇಲೆ ಗುಡಿಯವರೇ ತಮ್ಮ ಊಟ ಬಡಿಸಿದರು: ಅನ್ನ, ಬೇಯಿಸಿದ ಮೂಲಂಗಿ, ಸೊಪ್ಪು. ಮಾಂಸ ಮೀನಿನ ಸುಳಿವಿಲ್ಲ. ಅತ್ತೆ ಮೂರು ಬಟ್ಟಲು ಅನ್ನ ಉಂಡರು.

“ಮೂಲಂಗಿಗೆ ಒಂದೀಟು ಒಗ್ಗರಣಿ ಬೇಕಾಗಿತ್ತು” ಎಂದು ತಪ್ಪು ತೆಗೆದಾಗ ನನಗೆ ಹೋದ ಜೀವ ಬಂತು. ಕೋಣೆಯಲ್ಲೇ ಕುಣಿಯುವಷ್ಟು ಖುಷಿಯಾಯಿತು.

ಹೊರಗೆ ಬಂದಾಗ ಗುರುಗಳು ಪಾತ್ರೆಯ ಹತ್ತಿರ ನಿಂತಿದ್ದರು. ಅತ್ತೆಯ ಹಣೆಯನ್ನು ಬೆರಳಿನಿಂದ ತೋರಿಸಿ, ತಮ್ಮ ಬೋಳು ತಲೆಯನ್ನು ಮುಂದೆ ಬಾಗಿಸಿದರು. ಅತ್ತೆ ಸೆರಗು ಸರಿಮಾಡಿಕೊಂಡು ಮೂರು ಗೆರೆ ಎಳೆದರು. ಗುರುಗಳ ಹಿಂದೆ ಒಬ್ಬ ಅಜ್ಜಿ ಬಂದು ನಿಂತಳು. ಅಜ್ಜಿಯ ಹಿಂದೆ ನಮ್ಮ ಸಾಹೇಬರು, ಟೋಪಿ ತೆಗೆದು. ಅವರ ಹಿಂದೆ ಕಾರ್ಖಾನೆಯ ಸಮವಸ್ತ್ರದವರು, ಕ್ಯಾಮೆರಾದವರು. ನೋಡನೋಡುತ್ತ ಸಾಲು ಗುಡಿಯ ಬಾಗಿಲು ದಾಟಿತು. ಜಪಾನಿನವರಲ್ಲವೇ, ಒಬ್ಬರೂ ಸಾಲು ತಪ್ಪಲಿಲ್ಲ.

ಚಳಿಗೆ ನಡುಗುತ್ತ ನನ್ನ ಗಂಡ, “ಅವ್ವಾ, ಸಾಕು ನಡಿ, ಕೈ ಮರಗಟ್ಟತಾವು” ಎಂದು ಕರೆದರು.

ಅತ್ತೆ ತಿರುಗಿಯೂ ನೋಡಲಿಲ್ಲ. “ಚಳಿ ಆದರ ನೀ ಕಾರಿನಾಗ ಕುಂದ್ರು ಹೋಗಲೇ. ಇಲ್ಲಿ ಇನ್ನಾ ಹನ್ನೊಂದು ಹಣಿ ಅದಾವು!”